ಟೇಪಕ್ಕ ಹಿಂದಿನ ಕೋಣೆಗೆ ಸಿಗ್ನಲ್ ತಂದದ್ದು

ಕೊರಳಲ್ಲಿ ಸದಾ ಅಳತೆಯ ಟೇಪು ಜೋತುಬಿದ್ದಿರುತ್ತಿದ್ದುದರಿಂದ ಬೀದಿಯವರೆಲ್ಲ ಅವಳನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಶಾಲೆಯ ಯೂನಿಫಾರ್ಮು, ಕಿಟಕಿಯ ಪರದೆ, ಜಿಪ್ಪು ಕಿತ್ತುಹೋದ ಪ್ಯಾಂಟು, ಯಾವುದನ್ನೂ ಅವಳು ಆಗುವುದಿಲ್ಲ ಎಂದು ವಾಪಸು ಕಳಿಸಿದವಳಲ್ಲ. ಹೊಲಿಗೆ ನೂಲೆಳೆಯಷ್ಟು ಓರೆಯಾದರೂ ಗಿರಾಕಿಯ ಕಣ್ಣಿಗೆ ಬೀಳುವ ಮೊದಲೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

ಅವಳ ಗಂಡ ಬಸ್ ನಿಲ್ದಾಣದಲ್ಲಿ ಅನೌನ್ಸರ್. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾರ ಮಗು ಕಳೆದುಹೋಗಿ ಕಂಟ್ರೋಲರ್ ಕೋಣೆಯಲ್ಲಿ ಅಳುತ್ತ ಕೂತಿದೆ ಎಂಬುದನ್ನೆಲ್ಲ ಇಪ್ಪತ್ತಾರು ವರ್ಷ ಊರಿಗೆ ಹೇಳಿದವನು. ಆದ್ದರಿಂದ ಅವನು ಮೈಕಣ್ಣ. ಟೇಪೂ ಮೈಕೂ ಒಂದೇ ಮನೆಯಲ್ಲಿದ್ದ ಮೇಲೆ ಒಂದು ಆರ್ಕೆಸ್ಟ್ರಾ ಯಾಕೆ ಶುರು ಮಾಡಬಾರದು ಎಂದು ಬೀದಿಯವರು ನಗೆಯಾಡುತ್ತಿದ್ದರು. ಮೈಕಣ್ಣನೂ ನಗುತ್ತಿದ್ದ. ಗುಂಡಿಗೆಯಿಂದ ಬಂದಂಥ ತುಂಬು ದನಿಯ ನಗು ಅದು.

ಒಂದು ಬೆಳಿಗ್ಗೆ ಒಂಬತ್ತರ ಬಸ್ಸಿನ ಹೆಸರು ಹೇಳುತ್ತಿದ್ದಾಗ ಅರ್ಧಕ್ಕೇ ಅವನ ಮಾತು ನಿಂತಿತು. ಮೈಕು ಕೆಟ್ಟಿರಬೇಕೆಂದು ಎಲ್ಲರೂ ಅಂದುಕೊಂಡರು. ಒಳಗೆ ಹೋಗಿ ನೋಡಿದರೆ ಕುರ್ಚಿಯಿಂದ ಬಲಕ್ಕೆ ವಾಲಿದ್ದ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಆಸ್ಪತ್ರೆಯವರು. ಜೀವ ಉಳಿಯಿತು. ಎರಡು ತಿಂಗಳಲ್ಲಿ ಕೋಲು ಹಿಡಿದು ನಡೆಯುವಂತೆಯೂ ಆದ. ಮಾತು ಮಾತ್ರ ಹೋಗಿತ್ತು.

"ಅವರಿಗೆ ಎಲ್ಲ ಅರ್ಥ ಆಗುತ್ತೆ. ಮಾತು ಒಳಗಡೆ ಇದೆ, ಹೊರಗೆ ಬರೋ ದಾರಿ ಮುಚ್ಚಿದೆ ಅಷ್ಟೆ. ಅಭ್ಯಾಸ ಮಾಡಿಸಿದ್ರೆ ತೆರೆದುಕೊಳ್ಳಬಹುದು. ಆದ್ರೆ ತಡ ಮಾಡಬೇಡಿ, ಮೊದಲ ತಿಂಗಳುಗಳೇ ಮುಖ್ಯ" ಎಂದರು ಡಾಕ್ಟರು.

ಮಾತು ಕಲಿಸುವವರು ಆ ಊರಿನಲ್ಲಿ ಯಾರೂ ಇರಲಿಲ್ಲ. ದೂರದ ದೊಡ್ಡ ಆಸ್ಪತ್ರೆಯ ಒಬ್ಬ ಮೇಡಂ ವಾರಕ್ಕೆ ಮೂರು ದಿನ, ಬೆಳಿಗ್ಗೆ ಹತ್ತರಿಂದ ಮುಕ್ಕಾಲು ಗಂಟೆ, ವಿಡಿಯೋದಲ್ಲಿ ಕಲಿಸುತ್ತೇನೆಂದು ಒಪ್ಪಿದರು. ಮೈಕಣ್ಣ ಮಲಗುತ್ತಿದ್ದ ಹಿಂದಿನ ಕೋಣೆಯಲ್ಲಿ ಫೋನಿನ ನೆಟ್ಟು ಒಂದು ಕಡ್ಡಿಯಷ್ಟೂ ಬರುತ್ತಿರಲಿಲ್ಲ. ಟೇಪಕ್ಕ ಮರುದಿನವೇ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಲು ಹೇಳಿ ಬಂದಳು.

ಲೈನಿನವನು ಬಂದು ಬೀದಿಯ ಕಂಬದಿಂದ ನೂಲಿನಷ್ಟು ತೆಳುವಾದ ವೈರನ್ನು ಅಂಗಡಿಯ ಕಿಟಕಿಯೊಳಗೆ ತಂದ. ಉಳಿದ ವೈರನ್ನು ದೊಡ್ಡ ಬಳೆಯ ಹಾಗೆ ಸುತ್ತಿ ಮೊಳೆಗೆ ನೇತುಹಾಕಿದ. ಪ್ಲಗ್ಗು ಇದ್ದದ್ದು ನೆಲದ ಹತ್ತಿರ, ಕನ್ನಡಿ ಬೀರುವಿನ ಹಿಂದೆ. ರೌಟರನ್ನು ಅಲ್ಲೇ ನೆಲದ ಮೇಲಿಟ್ಟು, ಹಸಿರು ದೀಪ ತೋರಿಸಿ, "ನೆಟ್ ಬಂತು ಮೇಡಂ" ಎಂದ.

"ಹಿಂದಿನ ಕೋಣೆಗೂ ಬರುತ್ತೇನಪ್ಪ?"

"ಬರುತ್ತೆ, ಬರುತ್ತೆ" ಎನ್ನುವಷ್ಟರಲ್ಲಿ ಅವನ ಒಂದು ಕಾಲು ಬೈಕಿನ ಆಚೆ ಬದಿಯಲ್ಲಿತ್ತು.

ಮೊದಲ ಪಾಠದ ದಿನ ಮೈಕಣ್ಣನಿಗೆ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಶರ್ಟು ತೊಡಿಸಿ, ಫೋನನ್ನು ಎರಡು ದಿಂಬಿನ ನಡುವೆ ನಿಲ್ಲಿಸಿ ಕೂರಿಸಿದ್ದಾಯಿತು. ಮೇಡಂ ಒಂದು ಲೋಟವನ್ನು ಎತ್ತಿ ತೋರಿಸಿದರು. "ಸರ್, ಇದರಲ್ಲಿ ಏನಿದೆ? ನನ್ನ ತುಟಿ ನೋಡಿ. ನೀ…"

ಅಲ್ಲಿಗೆ ಚಿತ್ರ ನಿಂತುಹೋಯಿತು. ಮೇಡಂ ಹಲ್ಲು ಕಾಣಿಸುತ್ತ ಹಾಗೇ ಕಲ್ಲಾಗಿಬಿಟ್ಟರು. ಅದು ಮೈಕಣ್ಣನಿಗೆ ತಿಳಿಯಲಿಲ್ಲ. ಅವನು ಕತ್ತಿನ ನರ ಉಬ್ಬಿಸಿ, ಹಾಸಿಗೆಯ ಅಂಚನ್ನು ಎಡಗೈಯಲ್ಲಿ ಹಿಂಡುತ್ತ, "ನೀ… ನೀ…" ಎಂದು ತಡಕಾಡಿ, ಕಡೆಗೆ "ನೀರು" ಎಂದ. ಎಪ್ಪತ್ತೊಂದು ದಿನಗಳ ನಂತರದ ಮೊದಲ ಮಾತು. ಬಾಗಿಲಲ್ಲಿ ನಿಂತಿದ್ದ ಟೇಪಕ್ಕ ಒಂದು ಹೆಜ್ಜೆ ಒಳಗಿಟ್ಟಳು. ಅಷ್ಟರಲ್ಲಿ ಚಿತ್ರ ಮತ್ತೆ ಅಲುಗಾಡಿ, ಏನೂ ಕೇಳಿಸಿಕೊಳ್ಳದ ಮೇಡಂ, "ಪರವಾಗಿಲ್ಲ ಸರ್, ನಿಧಾನವಾಗಿ ಪ್ರಯತ್ನ ಮಾಡಿ" ಎಂದರು.

ಮೈಕಣ್ಣ ಫೋನನ್ನು ಬೋರಲು ಹಾಕಿ ಗೋಡೆಯ ಕಡೆ ತಿರುಗಿ ಮಲಗಿದ. ಅವಳು ಏನು ಹೇಳಿದರೂ ತಿರುಗಲಿಲ್ಲ.

"ರೀ, ನಾನು ಕೇಳಿಸಿಕೊಂಡೆ. ನೀವು ಹೇಳಿದ್ರಿ. ಸರಿಯಾಗೇ ಹೇಳಿದ್ರಿ" ಎಂದಳು. ಅವನ ಬೆನ್ನು ಒಮ್ಮೆ ಮೇಲೆದ್ದು ಕೆಳಗಿಳಿಯಿತು, ಅಷ್ಟೆ.

ಅವನನ್ನೇ ಮುಂದಿನ ಕೋಣೆಗೆ ಕರೆತಂದು ಕೂರಿಸಬಾರದೇ ಎಂದು ಯಾರಾದರೂ ಕೇಳಬಹುದು. ಮಹಡಿಯ ಮೇಲಿದ್ದ ಭಾವ, ಅಂದರೆ ಮೈಕಣ್ಣನ ಅಣ್ಣ, ಅದನ್ನೇ ಕೇಳಿದ. ಆದರೆ ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಅಂಗಡಿಯಲ್ಲಿ ಕೂತಿದ್ದ ಮೈಕಣ್ಣ ಗಿರಾಕಿಯೊಬ್ಬಳಿಗೆ "ಬನ್ನಿ" ಎನ್ನಲು ಹೋದಾಗ ಬಾಯಿಂದ ಬೇರೇನೋ ಸದ್ದು ಹೊರಟಿತ್ತು. ಅವಳು, "ಅಯ್ಯೋ ಪಾಪ, ಎಂಥಾ ದನಿ ಇತ್ತು!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಆವತ್ತಿನಿಂದ ಅವನು ಹಗಲು ಹೊತ್ತು ಮುಂದಿನ ಕೋಣೆಗೆ ಕಾಲಿಟ್ಟಿರಲಿಲ್ಲ. ತನ್ನ ಒಡಕು ಮಾತು ಬೀದಿಗೆ ಕೇಳಿಸುವುದನ್ನು ಅವನು ಸಹಿಸಲಾರ. ಟೇಪಕ್ಕನಿಗೆ ಅದು ಗೊತ್ತಿತ್ತು.

"ಅವರು ಮುಂದೆ ಬರಲ್ಲ ಭಾವ. ಸಿಗ್ನಲ್ಲೇ ಹಿಂದೆ ಹೋಗಬೇಕು" ಎಂದು ಕಡ್ಡಿ ಮುರಿದಂತೆ ಹೇಳಿದಳು.

ಕಂಪನಿಗೆ ಫೋನು ಮಾಡಿದಳು. ಆಫ್ ಮಾಡಿ ಆನ್ ಮಾಡಿ ಎಂದರು. ಮಾಡಿದಳು. ಮತ್ತೆ ಮಾಡಿದಳು. ನಾಲ್ಕು ಸಲವೂ ಅದೇ ಮಂತ್ರ. ಐದನೆಯ ಸಲ ಸಿಕ್ಕಿದ ಹೆಣ್ಣುಮಗಳು, ದನಿ ಕೇಳಿದರೆ ನಡುವಯಸ್ಸಿನವಳು, "ರೌಟರ್ ಎಲ್ಲಿಟ್ಟಿದ್ದೀರಿ ಅಮ್ಮ?" ಎಂದು ಕೇಳಿದಳು.

"ನೆಲದ ಮೇಲೆ, ಬೀರು ಹಿಂದೆ."

"ಕಬ್ಬಿಣದ ಬೀರುನಾ?"

"ಕಬ್ಬಿಣದ್ದೇ. ಮೈಯುದ್ದದ ಕನ್ನಡಿನೂ ಇದೆ."

ಆಚೆಯಿಂದ ನಿಟ್ಟುಸಿರು ಕೇಳಿತು. "ಅಮ್ಮ, ದೀಪಾನ ಕೊಡದ ಕೆಳಗಿಟ್ಟು ಮನೆಯಲ್ಲಿ ಬೆಳಕಿಲ್ಲ ಅಂದ್ರೆ ಹೇಗೆ? ಕಬ್ಬಿಣ, ಕನ್ನಡಿ, ನೀರಿನ ಡ್ರಮ್ಮು, ದಪ್ಪ ಗೋಡೆ, ಇವೆಲ್ಲ ಸಿಗ್ನಲ್ಲಿಗೆ ಅಡ್ಡ. ಮನೆ ಮಧ್ಯೆ, ತಲೆಗಿಂತ ಎತ್ತರದಲ್ಲಿ ಇಡಿ. ಅದರಲ್ಲಿ ಎರಡು ಥರ ಸಿಗ್ನಲ್ ಬರುತ್ತೆ. ಒಂದು ದೂರ ಹೋಗುತ್ತೆ, ಆದ್ರೆ ನಿಧಾನ. ಇನ್ನೊಂದು ಬಲು ಚುರುಕು, ಆದ್ರೆ ಗೋಡೆ ಕಂಡ್ರೆ ಆಗಲ್ಲ ಅದಕ್ಕೆ."

ಟೇಪಕ್ಕ ಇದನ್ನೆಲ್ಲ ಅಳತೆ ಪುಸ್ತಕದಲ್ಲಿ, ಯಾರದೋ ಸೊಂಟದ ಸುತ್ತಳತೆಯ ಕೆಳಗೆ, ಬರೆದುಕೊಂಡಳು. ಆ ಹೆಣ್ಣುಮಗಳೇ ಹೇಳಿಕೊಟ್ಟ ಹಾಗೆ ಫೋನಿನಲ್ಲಿ ರೌಟರಿನ ಸೆಟ್ಟಿಂಗ್ ಪುಟ ತೆರೆದು ಪಾಸ್‌ವರ್ಡ್ ಬದಲಾಯಿಸಿದಳು. ಪೆಟ್ಟಿಗೆಯ ತಳದಲ್ಲಿ ಅಚ್ಚಾಗಿರುವುದನ್ನೇ ಇಟ್ಟುಕೊಂಡರೆ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ನೇತುಹಾಕಿದಂತೆ ಎಂದಿದ್ದಳಂತೆ ಅವಳು. ನೆಟ್‌ವರ್ಕಿಗೊಂದು ಹೆಸರು ಕೇಳಿತು. ಸ್ವಲ್ಪವೂ ಯೋಚಿಸದೆ "ಹಿಂದಿನ ಕೋಣೆ" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದಳು.

ಫೋನಿನಲ್ಲಿ ಸಿಗ್ನಲ್ಲಿನ ಬಲ ತೋರಿಸುವ ಆ್ಯಪೊಂದು ಸಿಕ್ಕಿತು. ಅದರಲ್ಲಿ ಅಂಕಿ ಮೈನಸ್ಸಿನಲ್ಲಿ ಬರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು, ದೂರವಾದಷ್ಟೂ ಕಡಿಮೆ. ಅಳತೆ ಎಂದ ಕೂಡಲೇ ಅವಳಿಗೆ ಹುಮ್ಮಸ್ಸು ಬಂತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಹಿಡಿದು, ಮೂರು ಅಡಿಗೊಮ್ಮೆ ನಿಂತು, ಅಂಕಿ ನೋಡಿ ನೆಲದ ಮೇಲೆ ಬರೆಯುತ್ತ ಹೋದಳು. ಬೀರುವಿನ ಮುಂದೆ ಮೈನಸ್ ಐವತ್ತೆರಡು. ನಡುಮನೆಯಲ್ಲಿ ಅರವತ್ತಾರು. ಹಿಂದಿನ ಕೋಣೆಯಲ್ಲಿ, ಗಂಡನ ಹಾಸಿಗೆಯ ಪಕ್ಕ, ಎಂಬತ್ತನಾಲ್ಕು.

ನಡುಮನೆಯ ಮಂಚದ ಮೇಲಿದ್ದ ಅತ್ತೆ ಇಣುಕಿದರು. "ಏನೇ ಇದು, ಮನೆ ತುಂಬ ಗೀಚ್ತಿದ್ದೀಯ? ಕುಂಟೆಬಿಲ್ಲೆ ಆಡೋ ವಯಸ್ಸಾ ನಿಂದು?"

"ಮನೆಗೆ ಅಂಗಿ ಹೊಲಿಯೋದಿದೆ ಅತ್ತೆ. ಕಾಲು ಮೇಲಿಟ್ಕೊಳ್ಳಿ, ಮಂಚದ ಕೆಳಗೂ ಅಳತೆ ತಗೋಬೇಕು."

ಮೊಳೆಯಲ್ಲಿ ಸುತ್ತಿಟ್ಟಿದ್ದ ವೈರು ನಡುಮನೆಯವರೆಗೂ ಸಾಲುತ್ತಿತ್ತು. ಆ ವೈರನ್ನು ಮಡಿಸಿದರೆ ಒಳಗಿನ ಗಾಜಿನ ಎಳೆ ಮುರಿಯುತ್ತದೆಂದು ತಿಳಿದಿದ್ದರಿಂದ, ಮೂಲೆಗಳಲ್ಲೆಲ್ಲ ತೋಳಿನ ತಿರುವಿನ ಹಾಗೆ ದುಂಡಗೆ ಬಳಸಿ, ಬಾಗಿಲ ಚೌಕಟ್ಟಿನ ಮೇಲಿಂದ ಒಯ್ದು, ನಡುಮನೆಯ ಎತ್ತರದ ಹಲಗೆಯ ಮೇಲೆ ರೌಟರನ್ನು ಕೂರಿಸಿ, ಅದರ ಎರಡೂ ಕೊಂಬುಗಳನ್ನು ನೆಟ್ಟಗೆ ನಿಲ್ಲಿಸಿದಳು. ಹಿಂದಿನ ಕೋಣೆಯ ಅಂಕಿ ಎಂಬತ್ತನಾಲ್ಕರಿಂದ ಎಪ್ಪತ್ತೊಂದಕ್ಕೆ ಬಂತು.

ಮೈಕಣ್ಣನನ್ನು ಮತ್ತೆ ಪಾಠಕ್ಕೆ ಕೂರಿಸುವುದೇ ದೊಡ್ಡ ಕೆಲಸವಾಯಿತು. ಎರಡು ಪಾಠ ತಪ್ಪಿಸಿದ್ದ. ಅವಳು ಅವನ ಮುಂದೆ ನೆಲದ ಮೇಲೆ ಕೂತು ಹೇಳಿದಳು: "ನೀವು ಒಂದು ಸಲ ಹೇಳಿದ ಮಾತು ನಡುದಾರೀಲಿ ಬಿದ್ದುಹೋಯ್ತು. ಅದು ನಿಮ್ಮ ತಪ್ಪಲ್ಲ, ದಾರಿ ತಪ್ಪು. ದಾರಿ ನಾನು ಸರಿ ಮಾಡ್ತೀನಿ. ಮಾತು ನೀವು ನೋಡ್ಕೊಳ್ಳಿ." ಅವನು ಗೋಡೆಗೆ ನೇತುಹಾಕಿದ್ದ ಶರ್ಟಿನ ಕಡೆ ಕೈ ತೋರಿಸಿದ.

ಪಾಠ ಇಪ್ಪತ್ತು ನಿಮಿಷ ಸರಾಗವಾಗಿ ಸಾಗಿತು. ಹತ್ತೂ ಇಪ್ಪತ್ತಕ್ಕೆ ಪಟ್ಟನೆ ಕಡಿದು, ಐದಾರು ನಿಮಿಷದ ಮೇಲೆ ತಾನಾಗಿ ಬಂತು. ಮುಂದಿನ ಪಾಠದಲ್ಲೂ ಹಾಗೇ, ಗಡಿಯಾರ ನೋಡಿಕೊಂಡು ಕೈಕೊಟ್ಟಂತೆ ಹತ್ತೂ ಇಪ್ಪತ್ತಕ್ಕೆ. ಮೂರನೆಯ ಸಲ ಟೇಪಕ್ಕ ಹತ್ತೂ ಹದಿನೆಂಟಕ್ಕೇ ಎದ್ದು ಮನೆಯನ್ನೆಲ್ಲ ಸುತ್ತಿದಳು. ಅಡುಗೆಮನೆಯಲ್ಲಿ ಅತ್ತೆ ಮೈಕ್ರೋವೇವ್ ಒಲೆಯೊಳಗೆ ಮಂಡಿನೋವಿನ ಶಾಖದ ಚೀಲ ಇಟ್ಟು ಗುಂಡಿ ಒತ್ತಿದರು. ಒಲೆ ಗುಂಯ್ ಎಂದಿತು. ಹಿಂದಿನ ಕೋಣೆಯಲ್ಲಿ ಮೇಡಮ್ಮಿನ ದನಿ ನಿಂತಿತು.

"ಅತ್ತೆ, ಆರಿಸಿ ಅದನ್ನ!"

"ನನ್ನ ಮಂಡಿಗೂ ನನ್ನ ಮಗನ ಮಾತಿಗೂ ಏನೇ ಸಂಬಂಧ?"

ಟೇಪಕ್ಕ ಒಲೆ ಆರಿಸಿದಳು. ಮೇಡಮ್ಮಿನ ದನಿ ಬಂತು. ಹಾಕಿದಳು. ನಿಂತಿತು. ಅತ್ತೆ ಬಾಯಿ ಬಿಟ್ಟುಕೊಂಡು ನೋಡಿದರು.

"ಈ ಒಲೆ ಸಿಗ್ನಲ್ಲಿನ ಜಾಗದಲ್ಲೇ ಗದ್ದಲ ಮಾಡುತ್ತೆ ಅತ್ತೆ. ಪಾಠ ಮುಗಿದ ಮೇಲೆ ಬಿಸಿ ಮಾಡ್ಕೊಳ್ಳಿ. ಅಲ್ಲ, ದಿನಾ ಸರಿಯಾಗಿ ಈ ಹೊತ್ತಿಗೇ ನಿಮಗೆ ಮಂಡಿ ನೋಯುತ್ತಾ?"

ಅತ್ತೆ ಒಲೆಯಿಂದ ಚೀಲ ತೆಗೆದು ಕೈಯಲ್ಲಿ ಹಿಡಿದುಕೊಂಡರು. ತಗ್ಗಿದ ದನಿಯಲ್ಲಿ, "ಅವನು ಆ ಥರ ತಿಣುಕೋದು ಕೇಳಕ್ಕಾಗಲ್ಲ ಕಣೇ ನನಗೆ. ಸ್ವಲ್ಪ ಹೊತ್ತು ತಡ್ಕೊಂಡಿರ್ತೀನಿ, ಆಮೇಲೆ ಆಗಲ್ಲ. ಈ ಒಲೆ ಸದ್ದು ಮಾಡಿದ್ರೆ ಅದು ಕೇಳಿಸಲ್ಲ" ಎಂದರು.

ಟೇಪಕ್ಕ ಅವರ ಕೈಯಿಂದ ಚೀಲ ತೆಗೆದುಕೊಂಡು ಪಕ್ಕಕ್ಕಿಟ್ಟಳು. "ಅಂಗಡೀಲಿ ಬಂದು ಕೂತ್ಕೊಳ್ಳಿ. ಗುಂಡಿ ಹಚ್ಚೋದು ಬೇಕಾದಷ್ಟಿದೆ" ಎಂದಳು. ಅಂದಿನಿಂದ ಪಾಠದ ಹೊತ್ತಿನಲ್ಲಿ ಅತ್ತೆ ಯೂನಿಫಾರ್ಮಿಗೆ ಗುಂಡಿ ಹಚ್ಚಿದರು. ಹಚ್ಚಿದ್ದರಲ್ಲಿ ಅರ್ಧ ಬಿಚ್ಚಿ ಹಚ್ಚಬೇಕಾಗುತ್ತಿತ್ತು. ಟೇಪಕ್ಕ ಅದನ್ನು ಅವರು ಮಲಗಿದ ಮೇಲೆ ಮಾಡುತ್ತಿದ್ದಳು.

ಈಗ ಪಾಠ ಕಡಿಯುತ್ತಿರಲಿಲ್ಲ. ಆದರೆ ಚಿತ್ರ ಮಸುಕು. ಮೇಡಂ ಒಂದು ದಿನ ಟೇಪಕ್ಕನನ್ನೇ ಕರೆದರು. "ಅಮ್ಮ, ಸರ್ ನನ್ನ ತುಟಿ ನೋಡಿ ಕಲೀಬೇಕು. ನಾನು ಅವರ ನಾಲಿಗೆ ಎಲ್ಲಿ ತಾಕುತ್ತೆ ಅಂತ ನೋಡಬೇಕು. ನನಗೆ ಕಾಣಿಸ್ತಿರೋದು ಬರೀ ಕಲಸಿದ ಬಣ್ಣ. ಇನ್ನೂ ಸ್ವಲ್ಪ ಸರಿಯಾದ್ರೆ ಒಳ್ಳೇದಿತ್ತು."

ಅಡ್ಡವಾಗಿದ್ದದ್ದು ನಡುಮನೆಗೂ ಹಿಂದಿನ ಕೋಣೆಗೂ ನಡುವಿನ ಗೋಡೆ. ಮೊದಲು ಅದೇ ಮನೆಯ ಹಿಂಗೋಡೆ. ಒಂದೂವರೆ ಅಡಿ ದಪ್ಪದ ಕಲ್ಲುಗೋಡೆ. ಆಮೇಲೆ ಅದಕ್ಕೆ ಒರಗಿಸಿ ಹಿಂದಿನ ಕೋಣೆ ಕಟ್ಟಿದ್ದರು. ಪರಿಚಯದ ಗಿರಾಕಿಯೊಬ್ಬರು ಪ್ಲಗ್ಗಿಗೆ ಚುಚ್ಚಿದರೆ ಸಿಗ್ನಲ್ ಮುಂದಕ್ಕೆ ದಾಟಿಸುವ ಪುಟ್ಟ ಪೆಟ್ಟಿಗೆಯನ್ನು ನೋಡಲೆಂದು ಕೊಟ್ಟರು. ಅದನ್ನು ಗೋಡೆಯ ಈಚೆ ಇಟ್ಟರೆ ಸಿಗ್ನಲ್ ದಾಟುತ್ತಿರಲಿಲ್ಲ, ಆಚೆ ಇಟ್ಟರೆ ಅದಕ್ಕೇ ಸಿಗುತ್ತಿರಲಿಲ್ಲ. ಐದನೆಯ ಸಲ ಸಿಕ್ಕಿದ್ದ ಆ ಹೆಣ್ಣುಮಗಳನ್ನೇ ಹುಡುಕಿ ಹಿಡಿದು ಕೇಳಿದಾಗ, "ಹಾಗಾದ್ರೆ ಗೋಡೆ ಮೂಲಕ ಕೇಬಲ್ ಎಳೆದು, ಆ ಕಡೆ ಇನ್ನೊಂದು ರೌಟರ್ ಇಡಿ ಅಮ್ಮ. ಅದಕ್ಕಿಂತ ಗಟ್ಟಿ ದಾರಿ ಇಲ್ಲ" ಎಂದಳು.

ಗೋಡೆ ಕೊರೆಯುವ ಮಾತೆತ್ತಿದ ಕೂಡಲೇ ಭಾವ ಕೆಂಡವಾದ. ಅವನು ಪ್ಲಂಬರ್. ಮನೆಯ ಪ್ರತಿ ಪೈಪನ್ನೂ ತಾನೇ ಕೂರಿಸಿದವನು.

"ಸುಣ್ಣ ಬಳಿದು ಇನ್ನೂ ವರ್ಷ ಆಗಿಲ್ಲ. ಹಳೇ ಗೋಡೆ, ಕೈ ಹಚ್ಚಿದ್ರೆ ಎಲ್ಲಿ ಬಿರುಕು ಬಿಡುತ್ತೋ ಯಾರಿಗೆ ಗೊತ್ತು? ಒಂದು ಫೋನಿಗೋಸ್ಕರ ಮನೆ ಒಡೀತೀಯಾ?"

"ಫೋನಿಗೋಸ್ಕರ ಅಲ್ಲ ಭಾವ, ನಿಮ್ಮ ತಮ್ಮನಿಗೋಸ್ಕರ."

"ಬರೋದಿದ್ರೆ ಮಾತು ಇಷ್ಟೊತ್ತಿಗೆ ಬಂದಿರೋದಮ್ಮ. ನೀನು ಗೋಡೆಗೆ ತಲೆ ಚಚ್ಚಿಕೊಳ್ತಿದ್ದೀಯ."

"ತಲೆ ಬೇಡ ಅಂತಾನೇ ಡ್ರಿಲ್ ತರ್ತೀನಿ ಅಂದದ್ದು" ಎಂದು ಅವಳು ಒಳಗೆ ಹೋದಳು.

ಮಾರನೆಯ ದಿನ ಮಧ್ಯಾಹ್ನ ಮೂರಕ್ಕೆ, ಪಕ್ಕದ ಬೀದಿಯ ಬಡಗಿಯಿಂದ ಎರವಲು ತಂದ ಡ್ರಿಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಸ್ಟೂಲಿನ ಮೇಲೆ ನಿಂತು ಅವಳು ಕೊರೆಯಲು ಶುರು ಮಾಡಿದಳು. ಮನೆ ನಡುಗಿತು. ಸುಣ್ಣದ ಪುಡಿ ತಲೆಯ ಮೇಲೆ ಸುರಿಯಿತು. ಎರಡು ಅಂಗುಲ ಒಳಗೆ ಹೋಗಿತ್ತೋ ಇಲ್ಲವೋ, ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತ ಭಾವ ಬಂದ.

"ನಿಲ್ಲಿಸು! ನಿಲ್ಲಿಸಮ್ಮ! ಅಲ್ಲಿ ನೀರಿನ ಪೈಪ್ ಇದೆ!"

ಡ್ರಿಲ್ಲು ನಿಂತಿತು. ಟೇಪಕ್ಕ ಸ್ಟೂಲಿನ ಮೇಲಿಂದಲೇ ಕೇಳಿದಳು: "ಹಾಗಾದ್ರೆ ಪೈಪ್ ಇಲ್ಲದ ಜಾಗ ತೋರಿಸಿ. ನೀವು ತೋರಿಸದಿದ್ರೆ ನಾನು ಇಲ್ಲಿ ಅಲ್ಲ, ಇನ್ನೊಂದು ಕಡೆ ಕೊರೀತೀನಿ. ಅಲ್ಲೂ ಪೈಪ್ ಸಿಕ್ಕಿದ್ರೆ ಮತ್ತೊಂದು ಕಡೆ."

ಅವಳ ರೆಪ್ಪೆಯ ಮೇಲೂ ಸುಣ್ಣ ಕೂತಿತ್ತು. ಭಾವ ಅವಳನ್ನು ನೋಡಿದ. ತೆರೆದ ಬಾಗಿಲಿನಾಚೆ ಹಾಸಿಗೆಯ ಮೇಲೆ ಕೋಲು ಹಿಡಿದು ಎದ್ದು ಕೂತಿದ್ದ ತಮ್ಮನನ್ನು ನೋಡಿದ. ತಮ್ಮನೂ ಅಣ್ಣನನ್ನೇ ನೋಡುತ್ತಿದ್ದ. ಭಾವ ಅಂಗಿಯ ತೋಳು ಮಡಿಸಿದ.

"ಇಳಿ ಕೆಳಗೆ. ಕತ್ತರಿ ಹಿಡಿಯೋ ಹಾಗೆ ಹಿಡಿದಿದ್ದೀಯ ಅದನ್ನ. ಕೊಡಿಲ್ಲಿ."

ಬಾಗಿಲಿನಿಂದ ಒಂದು ಗೇಣು ಆಚೆ, ಎರಡು ಕಲ್ಲು ಕೂಡುವ ಸಂದಿನಲ್ಲಿ ಅವನು ಗುರುತು ಹಾಕಿದ. ಕಲ್ಲನ್ನು ಕೊರೆಯದೆ ಸಂದಿನ ಗಾರೆಯನ್ನಷ್ಟೇ ಕೊರೆದು, ನಡುವೆ ಎರಡು ಸಲ ಡ್ರಿಲ್ಲಿಗೆ ದಣಿವಾರಿಸಿ, ಐದು ಗಂಟೆಯ ಹೊತ್ತಿಗೆ ಆಚೆ ಬದಿಗೆ ತೂತು ಬೀಳಿಸಿದ. ಹಿಂದಿನ ಕೋಣೆಯ ಕಿಟಕಿಯ ಬೆಳಕು ನಡುಮನೆಗೆ ಕಡ್ಡಿಯಷ್ಟು ಹಾಯಿತು. ಒಂದು ತುಂಡು ಪೈಪನ್ನು ತೂತಿಗೆ ತೂರಿಸಿ, ಅಂಚಿಗೆ ಸಿಮೆಂಟು ಮೆತ್ತಿ, "ನಾಳೆ ಒಣಗೋವರೆಗೂ ಯಾರೂ ಮುಟ್ಟಬೇಡಿ" ಎಂದ. ಅವಳು ಮಾಡಿದ್ದ ಎರಡಂಗುಲದ ತೂತನ್ನೂ ಮುಚ್ಚಿದ.

ಕೇಬಲ್ ಎಳೆದದ್ದಾಯಿತು, ಕೊಂಡುತಂದ ಎರಡನೆಯ ರೌಟರನ್ನು ಹಿಂದಿನ ಕೋಣೆಯ ಗೋಡೆಗೆ ಕೂರಿಸಿದ್ದೂ ಆಯಿತು. ಆದರೆ ನೆಟ್ಟು ಮನೆಯಿಡೀ ಸತ್ತುಹೋಯಿತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಭಾವ ಬಾಯಿ ತೆರೆಯುವ ಮೊದಲೇ ಟೇಪಕ್ಕ, "ಏನೂ ಹೇಳಬೇಡಿ ಭಾವ" ಎಂದಳು. ಮತ್ತೆ ಫೋನು. ಆ ಹೆಣ್ಣುಮಗಳು ನಕ್ಕಳು. "ಮನೇಲಿರೋ ಫೋನುಗಳಿಗೆಲ್ಲ ನಂಬರ್ ಹಂಚೋ ಕೆಲಸ ಒಬ್ಬರದ್ದೇ ಆಗಿರಬೇಕು ಅಮ್ಮ. ಈಗ ಎರಡು ರೌಟರೂ ಯಜಮಾನಿಕೆ ಮಾಡ್ತಿವೆ. ಎರಡನೇದರಲ್ಲಿ ಆ ಕೆಲಸ ಬಂದ್ ಮಾಡಿ."

"ಒಂದು ಮನೆಗೆ ಇಬ್ಬರು ಯಜಮಾನರಿದ್ರೆ ಏನಾಗುತ್ತೆ ಅಂತ ನನಗೆ ಹೇಳಿಕೊಡಬೇಕೇನಮ್ಮ" ಎಂದು ಟೇಪಕ್ಕ ಅತ್ತೆಯ ಕಡೆ ನೋಡದೆ ಹೇಳಿದಳು. ಅತ್ತೆಯೂ ಕೇಳಿಸದವರಂತೆ ಗುಂಡಿ ಹಚ್ಚಿದರು. ಎರಡನೆಯ ರೌಟರಿನ ಸೆಟ್ಟಿಂಗ್ ಪುಟದಲ್ಲಿ ಆ ಹೆಣ್ಣುಮಗಳು ಹೇಳಿದ ಕಡೆ ಟಿಕ್ ಗುರುತು ತೆಗೆದು, ಸೇವ್ ಮಾಡಿ, ಎರಡೂ ಪೆಟ್ಟಿಗೆಗಳನ್ನು ಆರಿಸಿ ಹಾಕಿದಾಗ ದೀಪಗಳು ಒಂದೊಂದಾಗಿ ಹಸಿರಾದವು. ಹಾಸಿಗೆಯ ಪಕ್ಕ ನಿಂತು ಅಳೆದಳು. ಮೂವತ್ತೊಂಬತ್ತು. ಫೋನನ್ನು ಗಂಡನ ಮುಖದ ಮುಂದೆ ಹಿಡಿದಳು. ಅಂಕಿಯ ಅರ್ಥ ಅವನಿಗೆ ತಿಳಿಯದಿದ್ದರೂ ಅವಳ ಮುಖದ ಅರ್ಥ ತಿಳಿಯಿತು.

ಮುಂದಿನ ಪಾಠದಲ್ಲಿ ಮೇಡಮ್ಮಿನ ಹಣೆಯ ಮೇಲಿನ ಒಂದು ಸಣ್ಣ ಮಚ್ಚೆಯೂ ಕಾಣಿಸಿತು. ಅವರು ಮತ್ತೆ ಲೋಟ ಎತ್ತಿದರು. ಮೈಕಣ್ಣ ಬೆವರಿದ, ನಿಂತ, ಮತ್ತೆ ಹಿಡಿದ. "ನೀ… ರು."

"ಕೇಳಿಸ್ತು ಸರ್! ಚೆನ್ನಾಗಿ ಕೇಳಿಸ್ತು!"

ಅವನು ಎಡಗೈಯಿಂದ ಮುಖ ಮುಚ್ಚಿಕೊಂಡ. ಅಂಗಡಿಯಲ್ಲಿ ಅತ್ತೆಯ ಸೂಜಿ ನಿಂತಿತ್ತು.

ಆಮೇಲಿನದೆಲ್ಲ ಸುಲಭವಾಗಿತ್ತು ಎಂದರೆ ಸುಳ್ಳಾಗುತ್ತದೆ. ಕೆಲವು ವಾರ ಒಂದೇ ಒಂದು ಹೊಸ ಶಬ್ದವೂ ಬರುತ್ತಿರಲಿಲ್ಲ. "ಬಾಗಿಲು" ಎನ್ನಲು ಹೋಗಿ "ಬಸ್ಸು" ಎಂದು, ತನಗೆ ತಾನೇ ಸಿಟ್ಟಾಗಿ ಕೋಲು ಎಸೆದದ್ದೂ ಉಂಟು. ಟೇಪಕ್ಕ ಕೋಲು ತಂದು ಕೈಗೆ ಕೊಟ್ಟು ಹೊಲಿಗೆಗೆ ಹೋಗುವಳು. ಪಾಠ ಮಾತ್ರ ಒಂದೂ ತಪ್ಪಲಿಲ್ಲ. ಆರನೆಯ ವಾರ ಎರಡು ಮಾತು ಜೋಡಿಸಿದ. ಮೂರನೆಯ ತಿಂಗಳಲ್ಲಿ ಅಣ್ಣನನ್ನು ಹೆಸರು ಹಿಡಿದು ಕೂಗಿದ. ಭಾವ ಮಹಡಿಯಿಂದ ಇಳಿದು ಬಂದು, ಏನೂ ಆಗದವನಂತೆ, ನಲ್ಲಿ ಸೋರುತ್ತಿದೆಯೇ ಎಂದು ಬಚ್ಚಲು ನೋಡಿ ಹೋದ. ಸೋರುತ್ತಿರಲಿಲ್ಲ. ಬೀದಿಯವರು ಈಗ ಬಟ್ಟೆಯ ಜೊತೆಗೆ ತಮ್ಮ ಮನೆಯ ನೆಟ್ಟಿನ ಗೋಳನ್ನೂ ಟೇಪಕ್ಕನ ಮುಂದೆ ತರತೊಡಗಿದರು. ಅವಳು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಎಲ್ಲಿಟ್ಟಿದ್ದೀರಿ?"

ಏಳನೆಯ ತಿಂಗಳ ಒಂದು ಬೆಳಿಗ್ಗೆ, ಗಿರಾಕಿಗಳಿಬ್ಬರು ಇದ್ದಾಗಲೇ, ಮೈಕಣ್ಣ ಕೋಲೂರಿಕೊಂಡು ಅಂಗಡಿಗೆ ಬಂದು ಕೂತ. ಟೇಪಕ್ಕ ನೀಲಿ ಪರದೆಯೊಂದಕ್ಕೆ ಅಂಚು ಹೊಲಿಯುತ್ತಿದ್ದಳು. ಅವನು ಸ್ವಲ್ಪ ಹೊತ್ತು ನೋಡಿ, ಒಂದೊಂದೇ ಮಾತನ್ನು ಎತ್ತಿಡುತ್ತ, "ಈ… ದಾರ… ಸರಿ ಇಲ್ಲ" ಎಂದ.

ಗಿರಾಕಿಗಳು ತಿರುಗಿ ನೋಡಿದರು. ಅವನು ತಲೆ ತಗ್ಗಿಸಲಿಲ್ಲ.

"ಯಾಕೆ ಸರಿ ಇಲ್ಲ? ಅದೇ ನೀಲಿ" ಎಂದಳು ಟೇಪಕ್ಕ.

"ಅದೇ… ಅಲ್ಲ. ತಿಳಿ… ತಿಳಿ ನೀಲಿ."

"ಮೂವತ್ತು ವರ್ಷದಿಂದ ಹೊಲೀತಿದ್ದೀನಿ, ನಂಗೆ ಬಣ್ಣ ಹೇಳಿಕೊಡ್ತೀರಾ?"

"ಹೌದು" ಎಂದ ಅವನು, ಈ ಸಲ ಎಲ್ಲೂ ತಡವರಿಸದೆ.

ಜಗಳ ಕಾಲು ಗಂಟೆ ನಡೆಯಿತು. ಮೈಕಣ್ಣ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸುವವರೆಗೂ ಟೇಪಕ್ಕ ಪೆಡಲ್ ತುಳಿಯದೆ ಕಾದಳು. ಆಮೇಲೆ ತಾನು ಹಿಡಿದಿದ್ದ ದಾರದಲ್ಲೇ ಆ ಪರದೆಯನ್ನು ಹೊಲಿದು ಮುಗಿಸಿದಳು.